ಹಾಜರಿದ್ದವರು ಹತ್ತು ಮಂದಿ

ಫೆಬ್ರವರಿ ೪

ಅಮ್ಮಾ,

ಕೊನೆಗೂ ನನ್ನ ಕೊರಳಿಗೇ ಕಟ್ಟಿದರು. ನಮ್ಮ ಕೀಟವಿಜ್ಞಾನ ಸಂಘಕ್ಕೆ ಜುಲೈಗೆ ಎಪ್ಪತ್ತೈದು ತುಂಬುತ್ತದೆ. ಅದರ ಇತಿಹಾಸ ಬರೆಯಬೇಕು, ಜಂಟಿ ಕಾರ್ಯದರ್ಶಿಯೇ ಬರೆಯಬೇಕು ಎಂದು ನಿನ್ನೆ ಕಾರ್ಯಕಾರಿ ಸಮಿತಿ ತೀರ್ಮಾನಿಸಿತು. ಗಿಡಹೇನುಗಳ ಬಗ್ಗೆ ಬಿಟ್ಟು ನಾನು ಇನ್ನೇನನ್ನೂ ಬರೆದವಳಲ್ಲ ಎಂದೆ. ಅಧ್ಯಕ್ಷರು ನಕ್ಕು, "ನಿಮ್ಮ ತಾಯಿ ಹನ್ನೆರಡು ವರ್ಷ ಕಾರ್ಯದರ್ಶಿಯಾಗಿದ್ದೋರು. ಅರ್ಧ ಇತಿಹಾಸ ನಿಮ್ಮನೇಲೇ ಇದೆ, ಇನ್ನೇನು ಬೇಕು?" ಎಂದರು.

ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ. ಕೇಳಿಸಿದರೂ ನಿನಗೆ ಬೇಕಾದದ್ದಷ್ಟೇ ಕೇಳಿಸುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಕಚೇರಿ ನೀನು ಬಿಟ್ಟುಹೋದ ಹಾಗೇ ಇದೆ. ಕೆಳಗೆ ಕನ್ನಡಕದ ಅಂಗಡಿ, ಮೇಲೆ ನಮ್ಮ ಮೂರು ಕೋಣೆ, ಹಿಂದೆ ಸಭಾಂಗಣ ಮತ್ತು ಗ್ರಂಥಾಲಯ. ಬಾಗಿಲು ತೆಗೆದರೆ ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯುತ್ತದೆ. ನೀನು ಹೋದಮೇಲೆ ಸೇರಿದ ಗುಮಾಸ್ತರಿಗೆ ಎಲ್ಲರೂ ಗೋಂದಣ್ಣ ಅನ್ನುತ್ತಾರೆ. ಹರಿದದ್ದು ಕಂಡರೆ ಸಾಕು, ಅಂಟಿಸದೆ ಬಿಡುವವರಲ್ಲ. ಕೀಲಿಕೈ ಗೊಂಚಲು ನನ್ನ ಮುಂದಿಟ್ಟು, "ಏಳು ಬೀರು ಇದೆ ಮೇಡಂ. ಆರಕ್ಕೆ ಕೀಲಿ ಇದೆ. ಏಳನೇದು ತಾನಾಗೇ ತೆಗೆದುಕೊಳ್ಳುತ್ತೆ, ಒದೀಬೇಕು" ಎಂದರು.

ಏಪ್ರಿಲ್ ಕೊನೆಗೆ ಬರಹ ಮುಗಿಯಬೇಕು. ಶುರು ಎಲ್ಲಿಂದ ಮಾಡಲಿ, ಹೇಳು.

ನಿನ್ನ,
ಮಿಡತೆ


ಫೆಬ್ರವರಿ ೧೫

ಮಿಡತೆ,

ಶುರುವನ್ನು ಜಗಳದಿಂದ ಮಾಡು. ಸಂಘ ಶುರುವಾದದ್ದೇ ಹಾಗೆ.

ಮೊದಲು ಎರಡು ಸಂಘಗಳಿದ್ದವು. ಬೆಳೆಗೆ ಬೀಳುವ ಹುಳು ಕೊಲ್ಲುವುದು ಹೇಗೆಂದು ಯೋಚಿಸುವವರದ್ದು ಒಂದು. ಹುಳುವನ್ನು ಸೂಜಿಗೆ ಚುಚ್ಚಿ, ಹೆಸರಿಟ್ಟು, ಪೆಟ್ಟಿಗೆಯಲ್ಲಿ ಜೋಡಿಸುವವರದ್ದು ಇನ್ನೊಂದು. ಇವರು ಅವರನ್ನು "ಪಂಪಿನವರು" ಅನ್ನುತ್ತಿದ್ದರು, ಅವರು ಇವರನ್ನು "ಡಬ್ಬಿಯವರು" ಅನ್ನುತ್ತಿದ್ದರು. ಎರಡೂ ಕಡೆ ಚಂದಾ ಕೊಟ್ಟು ಸುಸ್ತಾದ ಹನ್ನೊಂದು ಜನ ಒಂದು ಕಾಲೇಜಿನ ಸಾಮಾನು ಕೋಣೆಯಲ್ಲಿ ಕೂತು ಎರಡನ್ನೂ ಒಂದು ಮಾಡಿದರು. ಹೆಸರಿಗೆ ಮೂರು ವರ್ಷ ಜಗಳವಾಡಿದರು. ಲಾಂಛನಕ್ಕೆ ಪಂಪಿನವರು ಜೇನುನೊಣ ಬೇಕೆಂದರು, ಡಬ್ಬಿಯವರು ಜೀರುಂಡೆ ಎಂದರು. ಕೊನೆಗೆ ಏರೋಪ್ಲೇನ್ ಚಿಟ್ಟೆ ಗೆದ್ದಿತು, ಯಾಕೆಂದರೆ ಅದರ ಬಗ್ಗೆ ಎರಡೂ ಕಡೆಯಲ್ಲಿ ಒಬ್ಬರೂ ಒಂದು ಸಾಲು ಬರೆದಿರಲಿಲ್ಲ.

ನಿಯಮಾವಳಿಯೂ ಆ ಜಗಳದ ಕೂಸೇ. ಅಧ್ಯಕ್ಷಗಿರಿ ಎರಡೆರಡು ವರ್ಷ, ಒಮ್ಮೆ ಈ ಕಡೆಯವರು, ಒಮ್ಮೆ ಆ ಕಡೆಯವರು. ಕಾರ್ಯಕಾರಿ ಸಮಿತಿಗೆ ಹದಿನೈದು ಜನ. ಏಳು ಪಂಪು, ಏಳು ಡಬ್ಬಿ. ಹದಿನೈದನೆಯ ಕುರ್ಚಿ ಯಾವಾಗಲೂ ನಮ್ಮ ಗ್ರಂಥಪಾಲಕರದ್ದು, ಅವರು ಯಾರ ಕಡೆಯೂ ಅಲ್ಲವೆಂದು.

ಇದನ್ನೆಲ್ಲ ನನಗೆ ಹೇಳಿದವರು ಗುರುಗಳು. ಆ ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಚಿಕ್ಕವರು ಅವರು. ಮುಂದೆ ನಾಲ್ಕು ಸಲ ಅಧ್ಯಕ್ಷರಾದರು, ನನ್ನನ್ನು ಕಾರ್ಯದರ್ಶಿ ಮಾಡಿದವರೂ ಅವರೇ. ನಿಮ್ಮ ಸಭಾಂಗಣಕ್ಕೆ ಅವರದೇ ಹೆಸರು.

ನಾನು ಆರಾಮಾಗಿದ್ದೇನೆ. ಈ ಗಡಿ ತಪಾಸಣಾ ಕೇಂದ್ರಕ್ಕೆ ಹೊಸ ತಂಡ ಬಂದಿದೆ, ಹತ್ತೊಂಬತ್ತು ಜನ. ಹೊರಗಿನಿಂದ ಬರುವ ಧಾನ್ಯದಲ್ಲಿ ಹುಳು ಹುಡುಕುವುದನ್ನು ಅವರಿಗೆ ಕಲಿಸಬೇಕು. ಒಬ್ಬಳು ಸೀನಿ ಇಡೀ ಮಾದರಿಯನ್ನೇ ಹಾರಿಸಿಬಿಟ್ಟಳು.

ನನ್ನ ಕಾಲಕ್ಕಿಂತ ಹಿಂದಿನದು ಏನು ಬೇಕಾದರೂ ಕೇಳು.

ಅಮ್ಮ


ಮಾರ್ಚ್ ೯

ಅಮ್ಮಾ,

ನೀನು ಬರೆದದ್ದನ್ನು ಹಾಗೇ ಮೊದಲ ಅಧ್ಯಾಯ ಮಾಡಿದೆ. ಅಧ್ಯಕ್ಷರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಈಗ ಬೇರೊಂದು ವಿಷಯ. ಒದ್ದರೆ ತೆರೆಯುವ ಆ ಏಳನೇ ಬೀರುವಿನಲ್ಲಿ ಹಳೆಯ ಪತ್ರವ್ಯವಹಾರವಿದೆ. ಅದರಲ್ಲಿ ಮೂವತ್ತೆಂಟು ವರ್ಷದ ಹಿಂದಿನದೊಂದು ಕಾಗದ ಸಿಕ್ಕಿತು. ಗ್ರಂಥಪಾಲಕರು ಬರೆದದ್ದು, ಎರಡೇ ಸಾಲು: "ನಿನ್ನೆಯ ಸಭೆಯಲ್ಲಿ ಮೇಷ್ಟರ ವಿಷಯವನ್ನು ಮತಕ್ಕೆ ಹಾಕುವ ಮೊದಲೇ ನಾನು ಎದ್ದು ಬಂದೆ. ಸಮಿತಿಗೆ ನನ್ನ ರಾಜೀನಾಮೆ ಇದರೊಂದಿಗಿದೆ."

ಯಾವ ಮೇಷ್ಟ್ರು ಎಂದು ನಡಾವಳಿ ಪುಸ್ತಕ ತೆಗೆದು ನೋಡಿದೆ. ಬಂದರಿನ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು, ನಮ್ಮ ಆಜೀವ ಸದಸ್ಯರು. ಹೊರದೇಶದ ಧಾನ್ಯದ ಜೀರುಂಡೆ ತಮ್ಮೂರಿನ ಉಗ್ರಾಣದಲ್ಲಿ ಸಿಕ್ಕಿತೆಂದು ವರದಿ ಕಳಿಸಿದ್ದಾರೆ. ಅವು ಅವರೇ ಅಂಚೆಯಲ್ಲಿ ತರಿಸಿಕೊಂಡವು, ವರದಿ ಸುಳ್ಳು ಎಂದು ಸಂಘ ಅವರನ್ನು ಸದಸ್ಯತ್ವದಿಂದ ತೆಗೆದುಹಾಕಿದೆ. ಕೊನೆಯ ಸಾಲು ನಿನ್ನ ಅಕ್ಷರದಲ್ಲಿದೆ: "ಮತದ ವೇಳೆ ಹಾಜರಿದ್ದವರು ಹತ್ತು ಮಂದಿ. ನಿರ್ಣಯ ಸರ್ವಾನುಮತ."

ಒಬ್ಬ ಸದಸ್ಯರನ್ನು ತೆಗೆದುಹಾಕಲು ಮತದ ವೇಳೆ ಸಮಿತಿಯ ಹತ್ತು ಜನರಾದರೂ ಕೂತಿರಬೇಕು ಎಂದು ನಿಯಮವಿದೆ. ಆ ದಿನ ಹಾಜರಿ ಹಾಳೆಯಲ್ಲಿ ಸಹಿ ಮಾಡಿದವರೇ ಹತ್ತು. ಅದರಲ್ಲಿ ಗ್ರಂಥಪಾಲಕರೂ ಒಬ್ಬರು.

ಅವರು ಎದ್ದು ಹೋಗಿದ್ದರೆ ಹತ್ತು ಹೇಗಾಯಿತು? ಬಹುಶಃ ಅವರು ವಾಪಸು ಬಂದಿರಬೇಕು, ಅಲ್ಲವಾ? ಒಂದು ಸಾಲು ಬರೆದು ತಿಳಿಸು. ಅಲ್ಲಿಗೆ ಬಂದು ನಿಂತಿದ್ದೇನೆ.

ಮಿಡತೆ


ಮಾರ್ಚ್ ೨೮

ಮಿಡತೆ,

ಕಾಗದ ತಡವಾಯಿತು. ಮೆಟ್ಟಿಲ ಕಂಬಿ ಸಡಿಲವಾಗಿತ್ತು. ಬಡಗಿಯವನು ನಾಳೆ ನಾಳೆ ಅನ್ನುತ್ತ ಒಂದು ವಾರ ಆಟವಾಡಿಸಿದ. ತಂಡಕ್ಕೆ ಪರೀಕ್ಷೆಯೂ ಇತ್ತು. ಸೀನಿದವಳೇ ಮೊದಲು ಬಂದಳು.

ಆರು ಶಾಖೆಗಳು ಯಾವ ಯಾವ ವರ್ಷ ಶುರುವಾದವೆಂದು ಪಟ್ಟಿ ಮಾಡಿ ಕಳಿಸಿದ್ದೇನೆ. ಹಳೆಯ ಫೋಟೋಗಳಲ್ಲಿ ಯಾರು ಯಾರೆಂದು ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ತ್ರೈಮಾಸಿಕ ಪತ್ರಿಕೆಯ ಮೇಲೆ ಒಂದು ಅಧ್ಯಾಯ ಬರೆ, ಅದು ಒಳ್ಳೆಯ ಕಥೆ.

ಗ್ರಂಥಪಾಲಕರು ಮುಂಗೋಪಿ. ಈಗ ಅವರು ಇಲ್ಲ.

ಅಮ್ಮ


ಏಪ್ರಿಲ್ ೬

ಅಮ್ಮಾ,

ಫೋಟೋಗಳು ತಲುಪಿದವು. ಆದರೆ ನಾನು ಕೇಳಿದ್ದು ಅದಲ್ಲ.

ನಿನಗೊಂದು ವಿಷಯ ಹೇಳಿಬಿಡುತ್ತೇನೆ, ಹೇಳಲು ನಾಚಿಕೆಯಾಗುತ್ತದೆ. ಗ್ರಂಥಪಾಲಕರ ಕಾಗದವನ್ನು ಕಡತದಿಂದ ತೆಗೆದು ಒಂಬತ್ತು ದಿನ ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೆ. ಯಾಕೆಂದು ಗೊತ್ತಿಲ್ಲ. ಇನ್ನೊಬ್ಬರ ಕೈಗೆ ಸಿಗಬಾರದು ಅನಿಸಿತು. ಬಸ್ಸಿನಲ್ಲಿ ಯಾರಾದರೂ ಒತ್ತಿಕೊಂಡು ನಿಂತರೆ ಚೀಲ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಗೋಂದಣ್ಣ, "ಏಳನೇ ಬೀರುವಿನ ಪಟ್ಟಿ ಮಾಡ್ತಿದ್ದೀನಿ ಮೇಡಂ. ಒಂದು ಕಾಗದ ಕಮ್ಮಿ ಬರ್ತಿದೆ" ಎಂದರು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ವಾಪಸು ಇಟ್ಟೆ. ಉಗುರು ಕಚ್ಚುವ ಚಾಳಿ ಮತ್ತೆ ಶುರುವಾಗಿದೆ.

ಇನ್ನೂ ಒಂದಿದೆ. ಮೇಷ್ಟರನ್ನು ತೆಗೆದುಹಾಕಿದ ಎರಡು ವರ್ಷಕ್ಕೆ ಅದೇ ಜೀರುಂಡೆ ಹದಿನಾಲ್ಕು ಉಗ್ರಾಣಗಳಲ್ಲಿ ಸಿಕ್ಕಿದೆ. ನಮ್ಮ ಪತ್ರಿಕೆಯಲ್ಲೇ ಲೇಖನವಿದೆ: "ಈ ದೇಶದಲ್ಲಿ ಮೊದಲ ದಾಖಲೆ." ಬರೆದವರು ಗುರುಗಳು. ಮೇಷ್ಟರ ಹೆಸರು ಎಲ್ಲೂ ಇಲ್ಲ. ಕೊನೆಯಲ್ಲಿ "ಬೆರಳಚ್ಚು ಮಾಡಿಕೊಟ್ಟ ಕಾರ್ಯದರ್ಶಿಯವರಿಗೆ ಕೃತಜ್ಞತೆಗಳು" ಎಂದಿದೆ.

ಅಧ್ಯಕ್ಷರಿಗೆ ತೋರಿಸಿದೆ. ಅವರು ಸೊಳ್ಳೆಯ ಮೇಲೆ ಕೆಲಸ ಮಾಡುವವರು, ಕೆಟ್ಟವರಲ್ಲ, ಪುಕ್ಕಲು ಸ್ವಭಾವ. ಎದ್ದು ಬಾಗಿಲು ಹಾಕಿಬಂದು, "ಹಳೇ ಗಾಯ ಯಾಕೆ ಕೆರೀತೀರಿ? 'ಕೆಲವು ಭಿನ್ನಾಭಿಪ್ರಾಯಗಳಿದ್ದವು' ಅಂತ ಒಂದು ಸಾಲು ಹಾಕಿ ಮುಂದಕ್ಕೆ ಹೋಗಿ. ಅಲ್ಲಿ ಇರೋದು ಯಾರ ಅಕ್ಷರ, ಅದನ್ನೂ ಸ್ವಲ್ಪ ಯೋಚನೆ ಮಾಡಿ" ಎಂದರು.

ಮೇಷ್ಟ್ರು ಬದುಕಿದ್ದಾರೆ ಅಮ್ಮ. ಎಂಬತ್ತಮೂರು ವರ್ಷ. ಅದೇ ಊರಲ್ಲಿದ್ದಾರೆ.

ಒಂಬತ್ತೋ ಹತ್ತೋ? ಅಷ್ಟೇ ಬರೆ.

ಮಿಡತೆ


ಮೇ ೨

ಅಮ್ಮಾ,

ಕಾಗದವಿಲ್ಲ. ಮೊನ್ನೆ ಫೋನಿನಲ್ಲಿ ನೀನು ಬಿಸಿಲಿನ ವಿಷಯ ಮಾತಾಡಿ ಇಟ್ಟುಬಿಟ್ಟೆ. ಪುಸ್ತಕ ಕೊಡಲು ಇನ್ನೊಂದು ತಿಂಗಳು ಕೇಳಿಕೊಂಡಿದ್ದೇನೆ. ಅಂಚೆಯವನು ಬರುವ ಹೊತ್ತಿಗೆ ಕಾಲೇಜಿನಿಂದ ಏನೋ ನೆಪ ಹೇಳಿ ಮನೆಗೆ ಬರುತ್ತಿದ್ದೇನೆ. ನಿನಗೆ ಮೈ ಹುಷಾರಿಲ್ಲವೇ? ಹುಷಾರಿಲ್ಲದಿದ್ದರೆ ಅದನ್ನಾದರೂ ಬರೆ.

ಮಿಡತೆ


ಮೇ ೧೧

ಮಿಡತೆ,

ಮೂರು ಸಲ ಬರೆದು ಹರಿದುಹಾಕಿದೆ. ಇದು ನಾಲ್ಕನೆಯದು. ಇದನ್ನು ಮತ್ತೆ ಓದದೆ ಅಂಚೆಗೆ ಹಾಕುತ್ತೇನೆ.

ಒಂಬತ್ತು.

ಮೇಷ್ಟ್ರು ಆ ಹುಳುಗಳನ್ನು ತಾವೇ ತಂದಿದ್ದರು. ಎರಡು ಬಸ್ಸು ಬದಲಿಸಿ, ಚಿಕ್ಕ ಗಾಜಿನ ಶೀಶೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದರು. ಕಂದು ಬಣ್ಣದ, ಎಳ್ಳಿನ ಕಾಳಿನಷ್ಟು ಜೀರುಂಡೆಗಳು. ಸೂಕ್ಷ್ಮದರ್ಶಕದ ಕೆಳಗಿಟ್ಟು ಮೀಸೆಯ ಗಂಟುಗಳನ್ನು ಎಣಿಸಿದೆ. ಅವರು ನನ್ನ ಹೆಗಲ ಹಿಂದೆಯೇ ನಿಂತು, "ನೋಡಿದ್ರಾ ಮೇಡಂ? ಇದು ನಮ್ಮ ದೇಶದ್ದಲ್ಲ, ಅಲ್ವಾ?" ಎಂದರು. "ಅಲ್ಲ ಅನ್ಸುತ್ತೆ" ಎಂದೆ. ನಲವತ್ತೈದರ ಮನುಷ್ಯ, ಖುಷಿಗೆ ಎರಡೆರಡು ಮೆಟ್ಟಿಲು ಹಾರುತ್ತ ಇಳಿದುಹೋದರು.

ಆಗ ಗುರುಗಳು ಸರಕಾರಕ್ಕೆ ಸಲಹೆಗಾರರಾಗಿದ್ದರು. ಹೊರಗಿನಿಂದ ಬಂದ ಧಾನ್ಯ ಶುದ್ಧವಾಗಿದೆ ಎಂದು ಅದೇ ತಿಂಗಳು ಸಹಿ ಹಾಕಿದ್ದರು. ಶೀಶೆಯನ್ನು ನೋಡಿಯೂ ನೋಡದ ಹಾಗೆ ನೋಡಿ, "ಇದು ಅವನೇ ತಂದು ಹಾಕಿದ್ದು. ಹೆಸರಿನ ಹುಚ್ಚು ಹಿಡಿದಿದೆ ಅವನಿಗೆ" ಎಂದರು. ಮೇಷ್ಟ್ರು ಹೊರದೇಶದವರೊಂದಿಗೆ ಅಂಚೆಯಲ್ಲಿ ಹುಳು ವಿನಿಮಯ ಮಾಡಿಕೊಳ್ಳುತ್ತಿದ್ದದ್ದು ನಿಜ. ಆಗ ಎಲ್ಲರೂ ಮಾಡುತ್ತಿದ್ದೆವು.

ಸಭೆ ಶನಿವಾರ ಮಧ್ಯಾಹ್ನ. ಬಂದವರು ಹತ್ತು ಜನ. ಮೇಷ್ಟರನ್ನು ಕರೆಸಿರಲಿಲ್ಲ. ಗ್ರಂಥಪಾಲಕರು ಎದ್ದು, "ಆ ಹುಳುನ ಇಲ್ಲಿ ಎಷ್ಟು ಜನ ಕಣ್ಣಾರೆ ನೋಡಿದ್ದೀರಿ? ಕಾರ್ಯದರ್ಶಿಗಳೇ, ನೀವು ನೋಡಿದ್ದೀರಲ್ಲ, ನೀವೇ ಹೇಳಿ" ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. "ನನಗೆ ಖಚಿತವಿಲ್ಲ" ಎಂದೆ.

ನೂರಕ್ಕೆ ತೊಂಬತ್ತೈದು ಪಾಲು ಖಚಿತವಿತ್ತು. ಉಳಿದ ಐದರ ಹಿಂದೆ ಅಡಗಿಕೊಂಡೆ.

ಗ್ರಂಥಪಾಲಕರು ಛತ್ರಿ ತೆಗೆದುಕೊಂಡು ಹೊರಟುಹೋದರು. ಎಂಟು ಕೈ ಮೇಲೆದ್ದವು. ಒಂಬತ್ತನೆಯದು ನನ್ನದು. ನಾನು ಮೆಲ್ಲಗೆ, "ಒಬ್ಬರು ಕಮ್ಮಿ ಆದರು" ಎಂದೆ. ಗುರುಗಳು ತಲೆಯೆತ್ತಲಿಲ್ಲ. "ಹತ್ತು ಅಂತ ಬರ್ಕೊಳ್ಳಮ್ಮ. ಅವರ ಸಹಿ ಇದೆಯಲ್ಲ" ಎಂದರು. ಬರೆದುಕೊಂಡೆ.

ಯಾಕೆ ಎಂದು ನೀನು ಕೇಳುತ್ತೀಯ. ಕಾರಣಗಳಿವೆ, ನೀನೇ ಊಹಿಸಬಲ್ಲೆ. ಬರೆದರೆ ಅವು ನೆಪಗಳ ಹಾಗೆ ಕಾಣುತ್ತವೆ. ಆವತ್ತು ನಿಮ್ಮಪ್ಪ, "ಸಭೆ ಹೇಗಾಯ್ತು?" ಎಂದು ಕೇಳಿದರು. "ಬೇಗ ಮುಗೀತು" ಎಂದೆ. ಅವರು ಹೋಗುವವರೆಗೂ ಅವರಿಗೆ ಗೊತ್ತಾಗಲಿಲ್ಲ.

ಸಂಘದ ಕಾಗದ ಮೇಷ್ಟರ ಶಾಲೆಗೂ ಹೋಯಿತು. ಪ್ರಯೋಗಶಾಲೆಯ ಕೀಲಿ ಅವರಿಂದ ಕಿತ್ತುಕೊಂಡರಂತೆ. ಆ ಕಾಗದವನ್ನು ಬರೆದವಳೂ ನಾನೇ.

ಆ ದಿನದ ಶಾರ್ಟ್‌ಹ್ಯಾಂಡ್ ಪುಸ್ತಕ ನನ್ನ ಹತ್ತಿರವಿದೆ. ಅದರಲ್ಲಿ ಒಂಬತ್ತು ಎಂದೇ ಇದೆ.

ಅಮ್ಮ


ಮೇ ೨೪

ಅಮ್ಮಾ,

ನಿನ್ನ ಕಾಗದವನ್ನು ಕಾಲೇಜಿನ ಮೆಟ್ಟಿಲ ಮೇಲೆ ಕೂತು ಓದಿದೆ. ಆಮೇಲೆ ತರಗತಿಗೆ ಹೋಗಿ ಹಿಂದಿನ ವಾರದ ಪಾಠವನ್ನೇ ಇನ್ನೊಮ್ಮೆ ಹೇಳಿದೆನಂತೆ. ವಿದ್ಯಾರ್ಥಿಗಳು ಪಾಪ, ಸುಮ್ಮನೆ ಬರೆದುಕೊಂಡರು.

ಸಿಟ್ಟು ಬಂತು. ಆ ಶನಿವಾರದ ವಿಷಯಕ್ಕಿಂತ ಹೆಚ್ಚಾಗಿ, ಮೆಟ್ಟಿಲ ಕಂಬಿಯ ಬಗ್ಗೆ ನೀನು ಬರೆದ ಕಾಗದಕ್ಕೆ.

ನಿನ್ನ ಉತ್ತರ ಬರುವ ಮೊದಲೇ ನಾನು ಮೇಷ್ಟರಿಗೆ ಬರೆದಿದ್ದೆ. ತೆಗೆದುಹಾಕಿದವರನ್ನು ಮತ್ತೆ ಸೇರಿಸಿಕೊಳ್ಳಬೇಕಾದರೆ ನಿಯಮದ ಪ್ರಕಾರ ಅವರೇ ಅರ್ಜಿ ಹಾಕಬೇಕು. ದಯವಿಟ್ಟು ಅರ್ಜಿ ಕಳಿಸಿ, ಇಬ್ಬರ ಶಿಫಾರಸು ನಾನು ಹೊಂದಿಸುತ್ತೇನೆ ಎಂದಿದ್ದೆ. ಉತ್ತರ ನಿನ್ನೆ ಬಂತು. ಗುಂಡಾದ ಅಕ್ಷರ, ಬೋರ್ಡಿನ ಮೇಲೆ ಬರೆದ ಹಾಗೆ:

"ಮಾನ್ಯರೇ, ಅರ್ಜಿ ಹಾಕಿ ಎಂದಿದ್ದೀರಿ. ಒಳಗೆ ಬರಬೇಕೆನ್ನುವವರು ಅರ್ಜಿ ಹಾಕುತ್ತಾರೆ. ನಾನು ಹೊರಗೆ ಹೋದವನಲ್ಲ. ನನ್ನ ಸದಸ್ಯತ್ವ ಸಂಖ್ಯೆ ೪೧೭. ಇಂತಿ, ವಂದನೆಗಳು."

ಇದನ್ನು ಓದಿದ ಮೇಲೆ ಒಂದು ವಿಷಯ ಹೊಳೆಯಿತು. ಹೊಳೆಯಬಾರದಿತ್ತು ಅನಿಸುತ್ತಿದೆ. ಮತದ ವೇಳೆ ಒಂಬತ್ತೇ ಜನ ಇದ್ದಿದ್ದರೆ ಆ ನಿರ್ಣಯ ನಿರ್ಣಯವೇ ಅಲ್ಲ. ಅವರು ಒಂದು ದಿನವೂ ಸಂಘದಿಂದ ಹೊರಗೆ ಹೋಗಿಲ್ಲ. ಅರ್ಜಿ ಬೇಡ, ಕ್ಷಮೆ ಬೇಡ. ನಡಾವಳಿಯಲ್ಲಿ ಒಂದು ಅಂಕಿ ತಿದ್ದಿದರೆ ಸಾಕು.

ಆದರೆ ಆ ಅಂಕಿಯನ್ನು ಸರ್ವಸದಸ್ಯರ ಸಭೆಯೇ ತಿದ್ದಬೇಕು. ಅಂಕಿ ಬರೆದವರು ತಾವು ತಪ್ಪು ಬರೆದೆವೆಂದು ಲಿಖಿತವಾಗಿ ಒಪ್ಪಿಕೊಳ್ಳಬೇಕು. ಗೊತ್ತಿದ್ದೂ ಸುಳ್ಳು ದಾಖಲೆ ಬರೆದವರಿಗೆ ಗೌರವ ಸದಸ್ಯತ್ವ ಇರಕೂಡದು ಎಂದೂ ನಿಯಮವಿದೆ. ಅಂದರೆ ಸಂಘ ನಿನಗೆ ಕೊಟ್ಟ ಗೌರವ ಸದಸ್ಯತ್ವವೂ ಹೋಗುತ್ತದೆ. ಆ ನಿಯಮದ ಕರಡಿನ ಕೆಳಗೆ ಇರುವುದು ನಿನ್ನದೇ ಸಹಿ ಅಮ್ಮ.

ಅಧ್ಯಕ್ಷರು, "ಹೆತ್ತ ತಾಯಿನ ನೀವೇ ಕಟಕಟೆಗೆ ಹತ್ತಿಸ್ತೀರಾ?" ಎಂದರು. ನೀನು ಬೇಡವೆಂದರೆ ಈ ಕಾಗದಗಳನ್ನೆಲ್ಲ ಕಡತದಲ್ಲಿಟ್ಟು, ಆ ಒಂದು ಸಾಲು ಬರೆದು ಪುಸ್ತಕ ಮುಗಿಸುತ್ತೇನೆ. ನೀನು ಬೇಡ ಅನ್ನಲಿ ಎಂದು ಒಂದು ಸಲ, ಅನ್ನದಿರಲಿ ಎಂದು ಇನ್ನೊಂದು ಸಲ ಅನಿಸುತ್ತದೆ.

ಮಿಡತೆ


ಜೂನ್ ೩

ಮಿಡತೆ,

ಸೋಮವಾರ ಮೇಷ್ಟರ ಮನೆಗೆ ಹೋಗಿದ್ದೆ. ಬರುತ್ತೇನೆಂದು ಮುಂಚೆ ಬರೆದಿರಲಿಲ್ಲ. ಬರೆದಿದ್ದರೆ ಹೋಗುತ್ತಿರಲಿಲ್ಲ.

ಸೈಕಲ್ ಅಂಗಡಿಯ ಹಿಂದೆ ಎರಡು ಕೋಣೆ. ಸೊಸೆ ಬಾಗಿಲು ತೆಗೆದಳು. ಒಳಗೆ ಗೋಡೆ ಕಾಣಿಸುವುದಿಲ್ಲ, ನೆಲದಿಂದ ಸೂರಿನವರೆಗೆ ಪೆಟ್ಟಿಗೆಗಳು. ಬಿಸ್ಕತ್ತಿನ ಡಬ್ಬಿ, ಚಪ್ಪಲಿಯ ಡಬ್ಬಿ, ಎಲ್ಲದರ ಮೇಲೂ ಚೀಟಿ. ಮೂವತ್ತೆಂಟು ವರ್ಷವೂ ಆ ಮನುಷ್ಯ ಹುಳು ಹಿಡಿಯುವುದನ್ನು ಬಿಟ್ಟಿಲ್ಲ ಕಣೇ. ಯಾರಿಗೆ ತೋರಿಸಲೆಂದು ಹಿಡಿದರೋ!

ಅವರು ಕಿಟಕಿಯ ಹತ್ತಿರ ಕೂತು ಒಂದು ಪತಂಗದ ರೆಕ್ಕೆ ಬಿಡಿಸುತ್ತಿದ್ದರು. ನನ್ನ ಗುರುತು ಹತ್ತಲಿಲ್ಲ. ಹೇಳಿದೆ. ಕೈಯಲ್ಲಿದ್ದ ಚಿಮಟ ಕೆಳಗಿಟ್ಟರು.

"ಏನು ಬಂದ್ರಿ?"

"ಕ್ಷಮೆ ಕೇಳೋಕೆ ಬಂದೆ."

"ಅದನ್ನ ಇಟ್ಕೊಂಡು ನಾನೇನು ಮಾಡ್ಲಿ?" ಎಂದರು. ದನಿ ಏರಿಸಲಿಲ್ಲ. "ಮಕ್ಕಳು ನನ್ನ ಹಿಂದೆ 'ಸುಳ್ಳುಹುಳು ಮೇಷ್ಟ್ರು' ಅಂತ ಕೂಗ್ತಿದ್ರು. ನನ್ನ ಮಗ ಅದೇ ಶಾಲೇಲಿ ಓದ್ತಿದ್ದ. ಅವನು ಈ ಡಬ್ಬಿಗಳನ್ನ ಒಂದು ದಿನವೂ ಮುಟ್ಟಿದೋನಲ್ಲ."

ನಾನು ನಿಂತೇ ಇದ್ದೆ. ಕೂರಿ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಅವರೇ ಮತ್ತೆ ಕೇಳಿದರು, "ಒಂದು ಹೇಳಿ. ಅವತ್ತು ನೀವು 'ಅಲ್ಲ ಅನ್ಸುತ್ತೆ' ಅಂದಿದ್ದು ನಿಜವಾಗ್ಲೂ ನಂಬಿ ಅಂದಿದ್ದಾ, ನನ್ನನ್ನ ಸಾಗಹಾಕೋಕೆ ಅಂದಿದ್ದಾ?"

"ನಂಬಿಯೇ ಅಂದದ್ದು. ನಿಮ್ಮ ಹುಳು ಸರಿಯಾಗಿತ್ತು."

ಅವರು ಚಿಮಟವನ್ನು ಮತ್ತೆ ಕೈಗೆತ್ತಿಕೊಂಡರು. "ನನಗೇ ಅನುಮಾನ ಬಂದುಬಿಟ್ಟಿತ್ತು" ಎಂದರು. "ನಾನೇ ಎಲ್ಲೋ ಶೀಶೆ ಅದಲುಬದಲು ಮಾಡಿದ್ನೇನೋ ಅಂತ. ಎರಡು ವರ್ಷ ಹಾಗೇ ಇದ್ದೆ. ಆಮೇಲೆ ಪೇಪರಲ್ಲಿ ಬಂತು."

ಕೈಮುಗಿದು ಹೊರಟುಬಂದೆ ಮಿಡತೆ.

ವಾಪಸು ಬಂದು ನನ್ನ ತಂಡಕ್ಕೆ ಎಲ್ಲವನ್ನೂ ಹೇಳಿದೆ. ಒಬ್ಬ ಕೈಯೆತ್ತಿ, "ಹಾಗಾದ್ರೆ ನೀವು ಹೇಳೋದನ್ನ ನಾವು ನಂಬಬಹುದಾ ಮೇಡಂ?" ಎಂದ. ಬೇಡ, ಒಂದೊಂದನ್ನೂ ನೀವೇ ನೋಡಿ ಎಂದೆ. ಎಲ್ಲರೂ ತಮ್ಮ ತಮ್ಮ ಮಾದರಿಗಳನ್ನು ಎಳೆದುಕೊಂಡು ಮತ್ತೆ ಮೊದಲಿಂದ ನೋಡತೊಡಗಿದರು.

ಶಾರ್ಟ್‌ಹ್ಯಾಂಡ್ ಪುಸ್ತಕವನ್ನೂ ಸಹಿ ಮಾಡಿದ ತಪ್ಪೊಪ್ಪಿಗೆಯನ್ನೂ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನಾನು ಸಭೆಗೆ ಬರುವುದಿಲ್ಲ. ನನ್ನ ಮುಖ ನೋಡಿದರೆ ಕೆಲವರಿಗೆ ಕೈಯೆತ್ತುವುದು ಕಷ್ಟವಾಗುತ್ತದೆ. ನಿರ್ಣಯವನ್ನು ನೀನೇ ಮಂಡಿಸು. ಬೇರೆಯವರು ಮಂಡಿಸಿದರೆ ಅದು ಡಬ್ಬಿ ಪಂಪಿನ ಜಗಳವಾಗುತ್ತದೆ.

ಕೈ ನಡುಗಿದರೆ ನಡುಗಲಿ. ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು ಓದು.

ಅಮ್ಮ


ಜುಲೈ ೨೦

ಅಮ್ಮಾ,

ಮುಗಿಯಿತು. ಎಲ್ಲವನ್ನೂ ನಡೆದ ಹಾಗೇ ಬರೆಯುತ್ತೇನೆ.

ಗುರುಗಳ ಹೆಸರಿನ ಸಭಾಂಗಣದಲ್ಲಿ, ಅವರ ಪಟದ ಕೆಳಗೇ ಸಭೆ. ನೂರಿಪ್ಪತ್ತು ಜನ ಸದಸ್ಯರಿದ್ದರು. ಮೇಷ್ಟ್ರು ಸೊಸೆಯ ಜೊತೆ ಬಂದು ಹಿಂದೆ, ಅತಿಥಿಗಳ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಾನು ನಿರ್ಣಯ ಓದಿದೆ. ಕಾಗದ ಮೇಜಿನ ಮೇಲೇ ಇತ್ತು, ಆದರೂ ಎರಡು ಕಡೆ ಸಾಲು ತಪ್ಪಿತು. ನಿನ್ನ ತಪ್ಪೊಪ್ಪಿಗೆಯನ್ನೂ ಪೂರ್ತಿ ಓದಿದೆ.

ಆಮೇಲೆ ಶುರುವಾಯಿತು. ಸತ್ತವರ ಮೇಲೆ ಹೊರಿಸುವುದು ಸುಲಭ ಎಂದರು ಒಬ್ಬರು. ಗುರುಗಳ ಶಿಷ್ಯರಲ್ಲಿ ಹಿರಿಯರೊಬ್ಬರು, "ಮೂವತ್ತೆಂಟು ವರ್ಷ ಆದ್ಮೇಲೆ ಒಂದು ನೋಟ್‌ಬುಕ್ಕನ್ನ ಯಾರು ನಂಬ್ತಾರೆ?" ಎಂದು ಮೇಜು ಕುಟ್ಟಿದರು. ಆಗ ಗೋಂದಣ್ಣ ಎದ್ದು ನಿಂತರು. ಅವರು ಸದಸ್ಯರಲ್ಲ, ಮಾತಾಡುವ ಹಕ್ಕೂ ಇಲ್ಲ. ಗ್ರಂಥಪಾಲಕರ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಸಾಲುಗಳ ನಡುವೆ ಸುಮ್ಮನೆ ನಡೆದು ಬಂದರು. ಒಬ್ಬೊಬ್ಬರೂ ಓದಿ ಪಕ್ಕದವರತ್ತ ತೋರಿಸಿದರು.

ತಿದ್ದುಪಡಿ ಪಾಸಾಯಿತು. ಎಪ್ಪತ್ತೊಂದು, ಮೂವತ್ತಾರು. ಉಳಿದವರು ಯಾವ ಕಡೆಗೂ ಇಲ್ಲ.

ಅಧ್ಯಕ್ಷರು ನೀರು ಕುಡಿದು, "ನಾಲ್ಕುನೂರ ಹದಿನೇಳನೇ ಸದಸ್ಯರು ದಯವಿಟ್ಟು ಸದಸ್ಯರ ಸಾಲಿಗೆ ಬರಬೇಕು" ಎಂದರು. ಮೇಷ್ಟ್ರು ಎದ್ದರು, ಸೊಸೆಯ ಕೈ ಬಿಡಿಸಿಕೊಂಡು ಒಬ್ಬರೇ ನಡೆದು ಬಂದು ಎಡಗಡೆ ಮೂರನೇ ಸಾಲಿನಲ್ಲಿ ಕೂತರು. ಯಾರೋ ಚಪ್ಪಾಳೆ ಶುರುಮಾಡಿದರು, ಅವರು ಕೈ ಅಡ್ಡ ಮಾಡಿ ನಿಲ್ಲಿಸಿದರು.

ಚಪ್ಪಾಳೆ ನಿಂತದ್ದೇ, ಮೇಜು ಕುಟ್ಟಿದ ಆ ಹಿರಿಯರು ಮತ್ತೆ ಎದ್ದರು. ದಾಖಲೆ ಸುಳ್ಳೆಂದು ಸಭೆ ಒಪ್ಪಿದ ಮೇಲೆ ಬರೆದವರ ಗೌರವ ಸದಸ್ಯತ್ವವನ್ನೂ ಹಿಂದೆಗೆದುಕೊಳ್ಳಬೇಕು ಎಂದರು. ಅದು ನಮಗೆ ಗೊತ್ತಿದ್ದದ್ದೇ. ಕೈಗಳನ್ನು ಎಣಿಸುವುದು ಜಂಟಿ ಕಾರ್ಯದರ್ಶಿಯ ಕೆಲಸ. ಅಧ್ಯಕ್ಷರು ಬಗ್ಗಿ, "ಬೇರೆಯವರಿಗೆ ಹೇಳ್ಲಾ?" ಎಂದು ಕೇಳಿದರು. "ಬೇಡ ಸರ್, ನಾನೇ ಎಣಿಸ್ತೀನಿ" ಎಂದೆ. ನಾನು ಮಗಳು, ಮತ ಹಾಕುವುದಿಲ್ಲ ಎಂದು ಮೊದಲು ಸಭೆಗೆ ಹೇಳಿದೆ.

ಎಡಗಡೆಯಿಂದ ಶುರುಮಾಡಿದೆ. ಮೂರನೇ ಸಾಲಿಗೆ ಬಂದೆ. ಮೇಷ್ಟರ ಕೈ ಮೇಲಿತ್ತು, ನಿನ್ನನ್ನು ತೆಗೆಯಬೇಕೆಂಬುದರ ಪರವಾಗಿ. ಕೈ ನೆಟ್ಟಗಿತ್ತು. ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಹದಿನಾಲ್ಕು ಎಂದು ಎಣಿಸಿ ಮುಂದೆ ಹೋದೆ.

ಐವತ್ತೆಂಟು, ನಲವತ್ತೊಂಬತ್ತು. ಎರಡು ಸಲ ಎಣಿಸಿದೆ. ನೀನು ಈಗ ಗೌರವ ಸದಸ್ಯೆಯಲ್ಲ.

ಎಲ್ಲರೂ ಹೋಗುವಾಗ ಮೇಷ್ಟ್ರು ಮೆಟ್ಟಿಲ ಹತ್ತಿರ ನನಗಾಗಿ ಕಾಯುತ್ತಿದ್ದರು. "ನಾನು ಕೈ ಎತ್ತಿದೆ ಅಂತ ನಿಮ್ಮ ತಾಯಿಗೆ ನೀವೇ ಹೇಳಿ. ಬೇರೆಯೋರ ಬಾಯಿಂದ ಅವರಿಗೆ ಗೊತ್ತಾಗಬಾರದು" ಎಂದರು. ಸರಿ ಎಂದೆ. "ಸಿಟ್ಟಿದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಕೈ ಎತ್ತಿದ್ದು ಸಿಟ್ಟಿಗಲ್ಲ. ನನ್ನ ಹುಳು ಸರಿ ಇತ್ತು ಅಂತ ಇಷ್ಟು ವರ್ಷಕ್ಕೆ ಬಂದು ಹೇಳಿದೋರು ಅವರೊಬ್ಬರೇ. ಅವರ ವಿಷಯದಲ್ಲಿ ನಾನು ದಾಕ್ಷಿಣ್ಯಕ್ಕೆ ಬಿದ್ದು ಸುಮ್ಮನೆ ಕೂತ್ರೆ, ಅವತ್ತು ಅವರು ಕೂತ ಹಾಗೇ ಆಗುತ್ತೆ, ಅಲ್ವಾ?"

ಉತ್ತರಕ್ಕೆ ಕಾಯಲಿಲ್ಲ. ಗ್ರಂಥಾಲಯ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ವಿ‍ಚಾರಿಸಿ ಒಳಗೆ ಹೋದರು.

ನಾನು ಸರಿ ಮಾಡಿದೆನಾ ಅಮ್ಮ? ಎಲ್ಲರೂ ಬೆನ್ನು ತಟ್ಟುತ್ತಾರೆ, ನನಗೆ ಮಾತ್ರ ಏನೂ ತಿಳಿಯುತ್ತಿಲ್ಲ.

ಮಿಡತೆ


ಜುಲೈ ೨೯

ಮಿಡತೆ,

ನಿನ್ನ ಕಾಗದವೂ ಸಂಘದ ಕಾಗದವೂ ಒಂದೇ ದಿನ ಬಂದವು. ಸಂಘದ್ದನ್ನು ಮೊದಲು ಒಡೆದೆ. ಅಧ್ಯಕ್ಷರ ಸಹಿಯ ಕೆಳಗೆ ನಿನ್ನದೂ ಇತ್ತು.

ಮೇಷ್ಟ್ರು ಸರಿಯಾಗಿ ಕೈ ಎತ್ತಿದ್ದಾರೆ. ನೀನು ಸರಿಯಾಗಿ ಎಣಿಸಿದ್ದೀಯ. ಓದಿದಾಗ ಚುಚ್ಚಿತು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಹಗುರಾಗುತ್ತದೆ ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ. ಆ ಎರಡು ವರ್ಷ ಆ ಮನುಷ್ಯ ತನ್ನ ಕಣ್ಣನ್ನೇ ತಾನು ನಂಬದೆ ಕೂತಿದ್ದರಲ್ಲ, ಅದನ್ನು ತಿದ್ದಲು ಯಾವ ನಿಯಮವೂ ಇಲ್ಲ.

ಇದನ್ನೂ ಪುಸ್ತಕದಲ್ಲಿ ಬರೆ. ನನ್ನ ಹುದ್ದೆ ಬರೆದು ಬಿಡಬೇಡ, ಹೆಸರು ಹಾಕು.

ನೀನು ಎರಡು ತಿಂಗಳು ನನ್ನ ಒಂದು ಅಂಕಿಗಾಗಿ ಅಂಚೆಯವನ ದಾರಿ ಕಾದೆ. ನಾನು ಎದುರಿಗೆ ಕಾಗದ ಇಟ್ಟುಕೊಂಡು, ಇವತ್ತು ಬೇಡ ನಾಳೆ ಎನ್ನುತ್ತಿದ್ದೆ. ನಿನಗೆ ಇನ್ನೂ ಕೇಳುವುದು ಇರುತ್ತದೆ, ನಿಮ್ಮಪ್ಪನ ಬಗ್ಗೆ, ನನ್ನ ಬಗ್ಗೆ. ಬಂದಾದರೂ ಕೇಳು, ಬರೆದಾದರೂ ಕೇಳು. ಬರೆದರೆ ಅದೇ ದಿನ ಉತ್ತರ ಹಾಕುತ್ತೇನೆ.

ಅಮ್ಮ